ರೂಮಿನಮ್ಮನ ಪರವಾನಗಿ

ಕೊಟ್ಟೂರಿಗೆ ನಾನು ಮೊದಲ ಸಲ ಬಂದದ್ದು ಕೆಲಸದ ಆದೇಶ ಹಿಡಿದುಕೊಂಡು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹಗರಿಬೊಮ್ಮನಹಳ್ಳಿಯಿಂದ ಬೆಳಗಿನ ಬಸ್ಸಿಗೆ ಅಪ್ಪನೂ ನನ್ನ ಜೊತೆ ಬಂದಿದ್ದ. ಅಪ್ಪ ಸರ್ಕಾರಿ ಶಾಲೆಯೊಂದರಲ್ಲಿ ಜವಾನ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದ. ಪಟ್ಟಣ ಪಂಚಾಯ್ತಿ ಕಚೇರಿಯ ಮೆಟ್ಟಿಲವರೆಗೆ ಬಂದವನು ಒಳಗೆ ಕಾಲಿಡಲಿಲ್ಲ. "ನೀನು ಹೋಗು, ನಾನು ಇಲ್ಲೇ ಇರ್ತೀನಿ" ಎಂದು ಬೇವಿನ ಮರದ ಕೆಳಗೆ ಸಂಜೆಯ ತನಕ ಕೂತಿದ್ದ. ಮಧ್ಯಾಹ್ನ ನಾನು ಹೊರಗೆ ಬಂದು ನೋಡಿದರೆ ಕಚೇರಿಯ ಜವಾನನ ಜೊತೆ ಪೆನ್ಶನ್ ವಿಷಯ ಮಾತಾಡುತ್ತಿದ್ದ.

ನನಗೆ ಕೊಟ್ಟದ್ದು ಪರವಾನಗಿ ಶಾಖೆ. ಶಾಖೆ ಎಂದರೆ ಕಿಟಕಿ ಪಕ್ಕದ ಒಂದು ಮೇಜು, ಒಂದು ಕಬ್ಬಿಣದ ಬೀರು, ಹಿಡಿ ಮುರಿದ ಒಂದು ರಬ್ಬರ್ ಮೊಹರು, ಅಷ್ಟೇ. ಹಿಟ್ಟಿನ ಗಿರಣಿ, ಖಾನಾವಳಿ, ಸೈಕಲ್ ಶಾಪು, ಕಟಿಂಗ್ ಶಾಪು, ಇವರೆಲ್ಲ ವರ್ಷಕ್ಕೊಮ್ಮೆ ಬಂದು ಪರವಾನಗಿ ಹೊಸದು ಮಾಡಿಸಿಕೊಂಡು ಹೋಗುತ್ತಿದ್ದರು. ಮಿರ್ಚಿ ಕರಿಯುವವನು ಬಂದರೆ ಅವನ ಅರ್ಜಿಯ ಮೇಲೂ ಎಣ್ಣೆಯ ಕಲೆ ಇರುತ್ತಿತ್ತು. ಮಸಿ, ಹಳೇ ಕಾಗದ, ಹೊರಗಿನ ಬೇವಿನ ಹೂವು, ಈ ಮೂರೂ ಕೂಡಿದ ವಾಸನೆ ಬೇಸಿಗೆಯಲ್ಲಿ ಆ ಕಿಟಕಿಯಿಂದ ಬರುತ್ತಿತ್ತು. ಆಮೇಲೆ ಎಷ್ಟೋ ಕಚೇರಿಗಳಲ್ಲಿ ಕೂತೆ. ಅಂಥ ಕಿಟಕಿ ಮತ್ತೆ ಸಿಗಲಿಲ್ಲ.

ಸೋಮವಾರ ಮತ್ತು ಅಮಾವಾಸ್ಯೆಗೆ ಕೊಟ್ಟೂರಿನ ಗುಡಿಗೆ ಜನ ಬರುತ್ತಾರೆ. ಕೂಡ್ಲಿಗಿ ಕಡೆಯಿಂದ, ಹರಪನಹಳ್ಳಿ, ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಹಿಂದಿನ ದಿನವೇ ಬಂದು ಇಳಿಯುತ್ತಿದ್ದರು. ಊರಿನಲ್ಲಿದ್ದ ಲಾಡ್ಜು ಎರಡೋ ಮೂರೋ. ಹಾಗಾಗಿ ಗುಡಿಯ ಸುತ್ತಲ ಓಣಿಗಳ ಮಾಳಿಗೆ ಮನೆಗಳವರು ಮುಂದಿನ ಒಂದೆರಡು ಕೋಣೆಗಳನ್ನು ದಿನದ ಬಾಡಿಗೆಗೆ ಕೊಡುತ್ತಿದ್ದರು. ಬೋರ್ಡು ಇರಲಿಲ್ಲ. ಬರುವವರಿಗೆ ಮನೆ ಗೊತ್ತು, ಮನೆಯವರಿಗೆ ಬರುವವರು ಗೊತ್ತು. ಎರಡು ಚಾಪೆ, ಒಂದು ಕೊಡ ನೀರು, ಬೆಳಿಗ್ಗೆ ಹಂಡೆಯಲ್ಲಿ ಕಾಸಿದ ಬಿಸಿನೀರು. ಅದರ ದುಡ್ಡಿನಲ್ಲಿ ಎಷ್ಟೋ ಹೆಣ್ಣುಮಕ್ಕಳ ಮನೆ ನಡೆಯುತ್ತಿತ್ತು.

ನಾನು ಕೆಲಸಕ್ಕೆ ಸೇರಿ ಎಂಟು ತಿಂಗಳಾದ ಮೇಲೆ ಲಾಡ್ಜಿನವರು ಒಂದು ಮನವಿ ಹಿಡಿದುಕೊಂಡು ಬಂದರು. ಅವರಲ್ಲಿ ಹಿರಿಯರಾದವರು ಮುಖ್ಯಾಧಿಕಾರಿಗಳ ಎದುರು ಕೂತು ಹೇಳಿದರು:

"ನಾವು ಲೈಸೆನ್ಸ್ ಮಾಡಸ್ತೀವಿ, ವಾಣಿಜ್ಯ ದರದಾಗ ಕಂದಾಯ ಕಟ್ತೀವಿ, ಯಾರು ಬಂದ್ರು, ಯಾರು ಹೋದ್ರು ಅಂತ ಬುಕ್ಕಿನಾಗ ಬರೀತೀವಿ. ಓಣಿಯಾಗ ರೂಮು ಕೊಡೋರಿಗೆ ಯಾವ ಕಾನೂನೂ ಇಲ್ಲೇನ್ರಿ?"

ಅವರ ಮಾತು ಸುಳ್ಳಾಗಿರಲಿಲ್ಲ. ಸಭೆಯಲ್ಲಿ ಚರ್ಚೆಯಾಗಿ, ದಿನದ ಬಾಡಿಗೆಗೆ ಕೋಣೆ ಕೊಡುವ ಪ್ರತಿ ಮನೆಯೂ ಪರವಾನಗಿ ಪಡೆಯಬೇಕು, ಆ ಕೋಣೆಗಳಷ್ಟಕ್ಕೆ ವಾಣಿಜ್ಯ ದರದ ಕಂದಾಯ ಕಟ್ಟಬೇಕು ಎಂದು ಠರಾವಾಯಿತು. ಷರತ್ತುಗಳು ಎರಡು ಪುಟಕ್ಕೆ ಬಂದವು. ಮನೆ ಮನೆಗೆ ಹೋಗಿ ಕೋಣೆ ಎಣಿಸಿ ಸಹಿ ಹಾಕಿಸಿಕೊಂಡು ಬರುವ ಕೆಲಸ ನನಗೆ ಬಂತು.

ಮುಖ್ಯಾಧಿಕಾರಿಗಳು ನಿವೃತ್ತಿಗೆ ಹತ್ತಿರವಿದ್ದವರು, ಯಾರ ಮೇಲೂ ದನಿ ಎತ್ತದವರು. "ಗಂಡಸ್ರು ಹೋದ್ರ ಹೆಣ್ಮಕ್ಕಳು ಬಾಗಿಲದಾಗ ನಿಂತು ಯಜಮಾನ್ರು ಇಲ್ಲ ಅಂತಾರವ್ವ. ನೀನಾದ್ರ ಒಳಗ ಹೋಗಿ ನೋಡ್ಕೊಂಡು ಬರ್ತಿ" ಎಂದರು.

ನಾನು ಹೂಂ ಎಂದೆ. ಒಳಗೆ ಹೋಗುವುದು ಅಷ್ಟು ಸುಲಭವಲ್ಲ ಎಂಬುದು ಅವರಿಗಿಂತ ನನಗೆ ಚೆನ್ನಾಗಿ ಗೊತ್ತಿತ್ತು. ಆ ಎಂಟು ತಿಂಗಳಲ್ಲಿ ಇರಲು ಒಂದು ಕೋಣೆ ಹುಡುಕಿ ನಾನು ಸೋತಿದ್ದೆ. ಯಾರೂ ಒರಟಾಗಿ ಮಾತಾಡಿರಲಿಲ್ಲ. "ಬರ್ರಿ, ಕುಂದ್ರಿ" ಎನ್ನುತ್ತಿದ್ದರು. ಊರು ಕೇಳುತ್ತಿದ್ದರು, ಆಮೇಲೆ ಕೇರಿ ಕೇಳುತ್ತಿದ್ದರು. ಅದಾದ ಮೇಲೆ ಅವರ ತಮ್ಮನೋ ಅಳಿಯನೋ ಮುಂದಿನ ತಿಂಗಳು ಆ ಕೋಣೆಗೆ ಬರುವವನಿರುತ್ತಿದ್ದ. ದಿನವೂ ಹಗರಿಬೊಮ್ಮನಹಳ್ಳಿಯಿಂದ ಬಸ್ಸಿನಲ್ಲೇ ಓಡಾಡುತ್ತಿದ್ದೆ.

ಹದಿನೈದಿಪ್ಪತ್ತು ಮನೆ ತಿರುಗಿದೆ. ಬಹಳ ಮನೆಗಳಲ್ಲಿ ಕಟ್ಟೆಯ ಮೇಲೇ ಕೂಡಿಸಿದರು. ಒಬ್ಬಾಕೆ ಕಿಟಕಿಯಿಂದಲೇ ಕೋಣೆಗಳ ಲೆಕ್ಕ ಹೇಳಿ, ಕಾಗದವನ್ನೂ ಕಿಟಕಿಯಿಂದಲೇ ಇಸಿದುಕೊಂಡು ಸಹಿ ಹಾಕಿಕೊಟ್ಟಳು. ಷರತ್ತು ಯಾರೂ ಓದಲಿಲ್ಲ. ಸಹಿ ಮಾಡಿ, ಇದಕ್ಕೆ ಎಷ್ಟಾಗುತ್ತದೆ ಎಂದು ಕೇಳಿದರು.

ಗುಡಿಯ ಹಿಂದಿನ ಓಣಿಯ ಕೊನೆಯ ಮನೆ ರೂಮಿನಮ್ಮನದು. ಊರವರೆಲ್ಲ ಆಕೆಯನ್ನು ಹಾಗೆಯೇ ಕರೆಯುತ್ತಿದ್ದರು. ವಯಸ್ಸು ಅರವತ್ತರ ಹತ್ತಿರ. ಎತ್ತರದ ಹೆಂಗಸು, ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗವಿಟ್ಟ ಬೆಳ್ಳಿಯ ಕರಡಿಗೆ. ಗಂಡ ಹತ್ತಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದವನು, ತೀರಿಕೊಂಡು ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳನ್ನು ಕೂಡ್ಲಿಗಿಗೆ ಕೊಟ್ಟಿದ್ದರು. ಬೀದಿಯ ಕಡೆ ಬೇರೆ ಬಾಗಿಲಿದ್ದ ಮೂರು ಕೋಣೆಗಳನ್ನು ಬಾಡಿಗೆಗೆ ಕೊಟ್ಟು ಆಕೆ ತನ್ನ ಕಾಲ ಮೇಲೆ ನಿಂತಿದ್ದರು.

"ಪಂಚಾಯ್ತಿಯಿಂದ ಬಂದೀನ್ರಿ ಅಮ್ಮಾರೆ" ಎಂದೆ.

"ಗೊತ್ತೈತಿ. ಮೂರು ದಿನದಿಂದ ಓಣಿ ತುಂಬ ನಿನ್ನದೇ ಮಾತು. ಬಾ, ನೋಡು."

ನಾನು ನೋಡಿದ ಕೋಣೆಗಳಲ್ಲೆಲ್ಲ ಅವೇ ಚೊಕ್ಕ. ಗೋಡೆಗೆ ನೀಲಿ ಬೆರೆಸಿದ ಸುಣ್ಣ, ಸೆಗಣಿ ಸಾರಿಸಿ ಗುಡಿಸಿದ ಅಂಗಳ, ಕುಡಿಯುವ ನೀರಿನ ಕೊಡಕ್ಕೆ ಬಿಗಿದು ಕಟ್ಟಿದ ಬಿಳಿ ಅರಿವೆ, ಮೂಲೆಯಲ್ಲಿ ಸುತ್ತಿಟ್ಟ ಚಾಪೆಗಳು. ಗೋಡೆಯಲ್ಲಿ ಪ್ರತಿ ಕೋಣೆಗೂ ಒಂದೊಂದು ಗೂಡು, ಗೂಡಿನಲ್ಲಿ ಬಾಚಣಿಗೆ ಮತ್ತು ಕನ್ನಡಿ. ನಾನು ಬರೆದುಕೊಳ್ಳುತ್ತಿದ್ದಾಗ ಒಂದು ತಂಬಿಗೆ ನೀರು ತಂದು ಕೊಟ್ಟರು. ಬಿಸಿಲಲ್ಲಿ ಬಂದವಳು ಗಟಗಟ ಕುಡಿದೆ.

ಕಾಗದ ಕೊಟ್ಟು, "ಇಲ್ಲಿ ಸಹಿ ಹಾಕ್ರಿ" ಎಂದೆ.

"ಅದರಾಗ ಏನು ಬರದೈತಿ ಓದು ಮೊದಲು. ನನಗ ಕಣ್ಣು ಸರಿಯಾಗಿ ಕಾಣಂಗಿಲ್ಲ."

ಅಷ್ಟು ಮನೆಗಳಲ್ಲಿ ಓದು ಎಂದವರು ಅವರೊಬ್ಬರೇ. ಕಂಬಕ್ಕೆ ಒರಗಿ ಕೂತು ಒಂದೊಂದೇ ಓದಿದೆ. ವರ್ಷಕ್ಕೊಮ್ಮೆ ಸುಣ್ಣ ಬಳಿಯಬೇಕು. ನೀರು ಮುಚ್ಚಿಡಬೇಕು. ಬಂದವರ ಹೆಸರು, ಊರು ಪುಸ್ತಕದಲ್ಲಿ ಬರೆಯಬೇಕು. ಅಂಟುಜಾಡ್ಯದವರಿದ್ದರೆ ಕಚೇರಿಗೆ ತಿಳಿಸಬೇಕು. ಒಬ್ಬರನ್ನೇ ಹದಿನೈದು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಕೂಡದು. ಒಂದೊಂದಕ್ಕೂ ಆಕೆ "ಆತು, ಮುಂದ" ಎನ್ನುತ್ತಿದ್ದರು. ಜಾತಿ ಅಥವಾ ಮತದ ಕಾರಣಕ್ಕೆ ಯಾರಿಗೂ ಸ್ಥಳ ನಿರಾಕರಿಸತಕ್ಕದ್ದಲ್ಲ ಎಂದು ಓದಿದಾಗ ಆ ಮಾತು ಬರಲಿಲ್ಲ.

"ಅದನ್ನ ಇನ್ನೊಮ್ಮಿ ಓದು" ಎಂದರು.

ಓದಿದೆ.

"ಇದಕ್ಕ ನಾನು ಸಹಿ ಹಾಕಂಗಿಲ್ಲ."

"ಯಾಕ್ರಿ?"

"ನಾನು ಕೇಳ್ತೀನಿ. ಬಂದವ್ರನ್ನ ಯಾರ ಪೈಕಿ ಅಂತ ಕೇಳೇ ರೂಮು ಕೊಡಾದು. ಕೆಲವ್ರಿಗೆ ಖಾಲಿ ಇಲ್ಲ ಅಂದು ಕಳಿಸೀನಿ. ಹಂಗ ಮಾಡಾಕಿ ಇಲ್ಲಿ ಹೆಂಗ ಸಹಿ ಹಾಕಲಿ? ಸುಳ್ಳು ಬರಕೊಟ್ಟಂಗ ಆಗ್ತೈತಿ."

"ಎಲ್ಲಾರೂ ಹಾಕ್ಯಾರ್ರಿ ಅಮ್ಮಾರೆ."

"ಅವ್ರು ಓದಿಸಿರಂಗಿಲ್ಲ." ನನ್ನ ಕಡೆ ತಿರುಗಿದರು. "ನೀನು ಯಾರ ಪೈಕಿ ತಂಗಿ?"

"ಎಸ್ಸಿ ಇದೀವ್ರಿ."

ಆಕೆಯ ಕಣ್ಣು ನನ್ನ ಪಕ್ಕದಲ್ಲಿದ್ದ ತಂಬಿಗೆಯ ಮೇಲೆ ಒಂದು ಗಳಿಗೆ ನಿಂತು ಹೊರಳಿತು. "ಹಂಗಾದ್ರ ಈ ಮಾತು ನಿಮಗಾಗೇ ಬರದದ್ದು" ಎಂದರು.

"ಹೌದ್ರಿ."

ಕಾಗದ ಮಡಚಿಕೊಂಡು ಎದ್ದು ಬಂದೆ. ಓಣಿಯ ತುದಿ ಮುಟ್ಟುವವರೆಗೂ ಮೈ ಉರಿಯುತ್ತಿತ್ತು. ಆದರೆ ಬೇರೆ ಮನೆಗಳ ಕಟ್ಟೆಯಿಂದ ಇಳಿಯುವಾಗ ಆಗುತ್ತಿದ್ದ ಸಂಕಟ ಬೇರೆ, ಇದು ಬೇರೆ. ಈಕೆಯ ಮೇಲೆ ನಾನು ಸಿಟ್ಟಾಗಬಹುದಿತ್ತು. ಆ ಮನೆಗಳವರ ಮೇಲೆ ಸಿಟ್ಟಾಗಲು ಅವರು ನನಗೆ ಏನನ್ನೂ ಹೇಳಿರಲೇ ಇಲ್ಲ.

ಮುಂದಿನ ಸೋಮವಾರದಿಂದ ರೂಮಿನಮ್ಮ ಕೋಣೆಗಳಿಗೆ ಬೀಗ ಹಾಕಿದರು. ಬಂದವರಿಗೆ "ಪರ್ಮಿಷನ್ ಇಲ್ಲ, ಬ್ಯಾರೆ ಕಡಿ ನೋಡ್ರಿ" ಎಂದು ಹೇಳಿ ಕಳಿಸಿದರು. ವಿಷಯ ಕೇಳಿ ಮುಖ್ಯಾಧಿಕಾರಿಗಳು ನಕ್ಕರು. "ಸಹಿ ಹಾಕಿ ಇಟ್ರ ಆತು, ದಿನಾ ಬಂದು ಯಾರು ನೋಡ್ತಾರ ಅಂತ ಹೇಳವ್ವ ಆಕಿಗೆ" ಎಂದರು. ನಾನು ಹೋಗಿ ಹೇಳಲಿಲ್ಲ. ಆ ಮಾತನ್ನು ನನ್ನ ಬಾಯಿಂದ ಹೇಳುವುದು ಹೇಗೆ?

ಅಮಾವಾಸ್ಯೆಯ ಹಿಂದಿನ ದಿನ ಬಸ್ಸು ಹಿಡಿಯಲು ಆ ಕಡೆಯಿಂದ ಹೋಗುವಾಗ ಹರಪನಹಳ್ಳಿಯ ಕಡೆಯ ವಯಸ್ಸಾದ ಗಂಡ ಹೆಂಡತಿ ಗಂಟು ಇಟ್ಟುಕೊಂಡು ಆಕೆಯ ಕಟ್ಟೆಯ ಮೇಲೆ ಕೂತಿದ್ದರು. ಎಷ್ಟೋ ವರ್ಷದಿಂದ ಅದೇ ಕೋಣೆಗೆ ಬರುತ್ತಿದ್ದವರಂತೆ. ರೂಮಿನಮ್ಮ ಅವರಿಗೆ ಮಜ್ಜಿಗೆ ಕೊಟ್ಟು, ಬೇರೆ ಮನೆಯ ದಾರಿ ತೋರಿಸುತ್ತಿದ್ದರು. ನನ್ನನ್ನು ನೋಡಿದರು. ಕರೆಯಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ.

ಹೀಗೆ ಒಂದೂವರೆ ತಿಂಗಳು ಕಳೆಯಿತು. ಒಂದು ಮಧ್ಯಾಹ್ನ ಆಕೆಯೇ ಕಚೇರಿಗೆ ಬಂದು ನನ್ನ ಮೇಜಿನ ಮುಂದೆ ನಿಂತರು. "ಹೊರಗ ಬಾ, ಮಾತಾಡದೈತಿ" ಎಂದರು. ಬೇವಿನ ಮರದ ಕೆಳಗೆ ಹೋದೆವು.

"ನಿನಗ ಈ ಊರಾಗ ಮನಿ ಸಿಕ್ಕಿಲ್ಲಂತ."

"ಯಾರು ಹೇಳಿದ್ರಿ?"

"ಯಾರೋ ಹೇಳಿದ್ರು. ನಾನೊಂದು ಯೋಚನಿ ಮಾಡೀನಿ. ನನ್ನ ರೂಮಿನಾಗ ನಾಕು ದಿನ ಬಂದು ಇರು. ನನಗ ಆಗ್ತೈತೋ ಇಲ್ಲೋ ನೋಡ್ತೀನಿ. ಆತಂದ್ರ ಸಹಿ ಹಾಕ್ತೀನಿ. ಆಗದಿದ್ರ ಬೀಗ ಹಂಗ ಇರಲಿ."

ನಾನು ಸಾಮಾನ್ಯವಾಗಿ ಹಿರಿಯರೆದುರು ಮಾತು ನುಂಗುವವಳು. ಆವತ್ತು ನುಂಗಲಿಲ್ಲ.

"ನಿಮಗ ಆಗ್ತೈತೋ ಇಲ್ಲೋ ನೋಡಾಕ ನಾನು ಬಂದು ಇರಬೇಕೇನ್ರಿ? ಅಲ್ಲಿ ಇರಾಕ ನನಗ ಆಗ್ತೈತೋ ಇಲ್ಲೋ ಅಂತ ಯಾರೂ ಕೇಳಂಗಿಲ್ಲೇನು?"

ಆಕೆ ಜಗಳಕ್ಕೆ ಬರುತ್ತಾರೆ ಎಂದುಕೊಂಡಿದ್ದೆ.

"ಅದನ್ನ ನಾನು ಯೋಚನಿ ಮಾಡಿದ್ದಿಲ್ಲ" ಎಂದರು. "ತಪ್ಪಾತು ತಂಗಿ." ಬಿಸಿಲಲ್ಲಿ ತಿರುಗಿ ನಡೆದು ಹೋದರು.

ಮನೆಗೆ ಬಂದು ಹೇಳಿದೆ. ಅವ್ವ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ, "ಆಕಿ ಮನಿ ಸುದ್ದಿ ಇಲ್ಲಿ ತೆಗೀಬ್ಯಾಡ" ಎಂದಳು. ಅಪ್ಪ ಊಟ ಮುಗಿಸಿ ಕೈ ತೊಳೆದುಕೊಂಡು ಬಂದು ಹೇಳಿದ:

"ಇಷ್ಟು ವರ್ಷ ಶಾಲಿಯಾಗ ಕೆಲಸ ಮಾಡೀನಿ. ನಿನ್ನ ಕೈಲಿ ನೀರು ಕುಡಿಯಂಗಿಲ್ಲ ಅಂತ ಒಬ್ಬ ಮೇಷ್ಟ್ರೂ ನನಗ ಹೇಳಿಲ್ಲ. ಮನಿಯಿಂದ ಬಾಟ್ಲಿ ತಂದ್ಕೊಂಡ್ರು, ಅಷ್ಟ. ಇಕಿ ಬಾಯಿಬಿಟ್ಟು ಹೇಳ್ಯಾಳ. ಹೇಳಿದೋರ ಜೊತಿ ಮಾತಾದ್ರೂ ಆಡಬೌದು. ಹೋಗು ಅಂತ ನಾನು ಹೇಳಂಗಿಲ್ಲ, ಬ್ಯಾಡ ಅಂತಾನೂ ಹೇಳಂಗಿಲ್ಲ."

ಮಾರ್ಚ್ ಬಂತು. ಕಂದಾಯ ವಸೂಲಿಯ ತಿಂಗಳು. ಕಚೇರಿಯಿಂದ ಹೊರಡುವುದು ತಡವಾಗುತ್ತಿತ್ತು. ಸಂಜೆಯ ಬಸ್ಸು ತಪ್ಪಿಸಿಕೊಂಡು ಎರಡು ಸಲ ಲಾರಿಯಲ್ಲಿ ಊರು ಸೇರಿದೆ. ಮೂರನೆಯ ಸಲ ತಪ್ಪಿದಾಗ ನೆಟ್ಟಗೆ ಗುಡಿಯ ಹಿಂದಿನ ಓಣಿಗೆ ನಡೆದೆ. ಆಕೆ ಕಟ್ಟೆಯ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದರು.

"ನಾಕು ದಿನ ಇರ್ತೀನ್ರಿ. ಎಲ್ಲಾರೂ ಕೊಡೋ ಬಾಡಿಗಿ ಕೊಡ್ತೀನಿ. ನಿಮ್ಮ ಪರೀಕ್ಷಿಗೆ ಅಲ್ಲ, ನನಗ ಕೆಲಸ ಐತಿ ಅದಕ್ಕ. ನನಗ ಸರಿ ಅನ್ನಿಸದಿದ್ರ ಆವತ್ತೇ ಹೋಗ್ತೀನಿ."

"ಆತು" ಎಂದು ಎದ್ದು ನಡುವಿನ ಕೋಣೆಯ ಬೀಗ ತೆಗೆದರು.

ಆ ಕೋಣೆಯಲ್ಲಿ ಮಾಳಿಗೆಯ ಗವಾಕ್ಷಿಯಿಂದ ಬೆಳಕಿನ ಒಂದು ಚೌಕ ಇಳಿದು, ಹೊತ್ತು ಏರಿದಂತೆ ಗೋಡೆಯ ಮೇಲೆ ಸರಿಯುತ್ತಿತ್ತು. ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ ಹಾಕಿದ ತಾಟನ್ನು ರೂಮಿನಮ್ಮ ಬಾಗಿಲಲ್ಲೇ ತಂದು ಕೊಟ್ಟರು. ಯಾವ ಬಾಡಿಗೆಯವರೂ ಒಳಮನೆಗೆ ಹೋಗುತ್ತಿರಲಿಲ್ಲ, ಅದು ಮೊದಲಿನಿಂದಲೂ ಆ ಮನೆಯ ಪದ್ಧತಿ. ಬೆಳಿಗ್ಗೆ ಹಂಡೆಯ ನೀರು ಕಾದಿತ್ತು. ಬೇವಿನ ಚಕ್ಕೆಯ ಹೊಗೆಯ ವಾಸನೆಯಿದ್ದ ಆ ನೀರಿನ ಬಿಸಿ ನನಗೆ ಈಗಲೂ ನೆನಪಿದೆ.

ಮೊದಲ ದಿನ ಸಂಜೆ ಕಚೇರಿಯಿಂದ ಬಂದು ನೋಡಿದರೆ ನನ್ನ ಕೋಣೆಯ ನೆಲ ಹಸಿಯಾಗಿತ್ತು. ನನ್ನ ಚೀಲವನ್ನು ಗೂಡಿನಲ್ಲಿ ಎತ್ತಿಟ್ಟು, ಚಾಪೆಯನ್ನು ಹೊರಗೆ ಹಾಕಿ, ತೊಳೆದಿದ್ದರು.

"ಬಂದವ್ರ ರೂಮು ದಿನಾ ತೊಳೀತೀರೇನ್ರಿ ಅಮ್ಮಾರೆ?"

"ಅವ್ರು ಹೋದ ಮ್ಯಾಲೆ ತೊಳೀತೀನಿ. ನೀನು ಇನ್ನೂ ಹೋಗಿಲ್ಲಲ್ಲ. ಕೈ ತಡೀಲಿಲ್ಲ ತಂಗಿ. ಕೊಡ ತಂದು ಸುರಿದ ಮ್ಯಾಲೆ ಗೊತ್ತಾತು ನಾನೇನು ಮಾಡಾಕತ್ತೀನಿ ಅಂತ."

ಚೀಲ ಕೈಗೆ ತೆಗೆದುಕೊಂಡೆ. ಹೊಸ್ತಿಲ ತನಕ ಹೋದೆ. ಆಕೆ ತಡೆಯಲಿಲ್ಲ. ತಲೆ ತಗ್ಗಿಸಿ ನಿಂತಿದ್ದರು, ಶಾಲೆಯಲ್ಲಿ ಲೆಕ್ಕ ತಪ್ಪಿದ ಹುಡುಗಿಯಂತೆ. ಯಾಕೋ ಚೀಲ ಮತ್ತೆ ಗೂಡಿಗೆ ಹೋಯಿತು. ಇದ್ದದ್ದು ಆಕೆಗಾಗಿಯೋ, ಮರುದಿನ ಬೆಳಿಗ್ಗೆ ಎಂಟಕ್ಕೇ ಕಚೇರಿಯಲ್ಲಿ ಇರಬೇಕಿತ್ತು ಎಂಬುದಕ್ಕೋ, ನನಗೆ ಇವತ್ತಿಗೂ ಖಚಿತವಿಲ್ಲ.

ಎರಡನೆಯ ದಿನ ನೆಲ ಒಣಗಿತ್ತು. ಎದುರು ಮನೆಯಲ್ಲಿದ್ದ ಆಕೆಯ ಮೈದುನ ಕಟ್ಟೆಯ ಹತ್ತಿರ ನಿಂತು, ನಾನು ಕೇಳಲಿ ಎಂದೇ ಜೋರಾಗಿ ಹೇಳುತ್ತಿದ್ದ: "ಅತ್ತಿಗಿ, ಇನ್ನ ಮ್ಯಾಲೆ ನಿಮ್ಮ ಮನ್ಯಾಗ ನಾನು ನೀರು ಮುಟ್ಟಂಗಿಲ್ಲ ನೋಡ್ರಿ."

ರೂಮಿನಮ್ಮ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ. "ನಾನು ಬೀಗ ಹಾಕಿ ತಿಂಗಳುಗಟ್ಲೆ ಕುಂತಾಗ ಉಂಡ್ಯಾ ಬಿಟ್ಯಾ ಅಂತ ಕೇಳಾಕ ಬರ್ಲಿಲ್ಲ ನೀನು. ಈಗ ಬರದಿರಾಕ ಒಂದು ಕಾರಣ ಸಿಕ್ಕೈತಿ. ಇರ್ಲಿ ಬಿಡು" ಎಂದರು.

ಅವನು ಮತ್ತೆ ಬರಲಿಲ್ಲ. ಮಾತು ಅಷ್ಟು ಖಡಕ್ಕಾಗಿ ಆಡಿದರೂ ಆವತ್ತು ಆಕೆ ಸರಿಯಾಗಿ ಊಟ ಮಾಡಲಿಲ್ಲವೆಂದು ಕಾಣುತ್ತದೆ, ತಾಟು ಕೊಡುವಾಗ ಮುಖ ಬಾಡಿತ್ತು.

ನಾಲ್ಕನೆಯ ದಿನ ಭಾನುವಾರ. ಬೇಸಿಗೆ ಸುರುವಾಗಿತ್ತು, ಆ ಓಣಿಯ ಮಾಳಿಗೆಗಳ ಮೇಲೆಲ್ಲ ಸಂಡಿಗೆ, ಶಾವಿಗೆ ಒಣಗುತ್ತಿದ್ದ ಕಾಲ. ಪ್ರತಿ ವರ್ಷ ರೂಮಿನಮ್ಮನಿಗೆ ಕೈಜೋಡಿಸಲು ಅಕ್ಕಪಕ್ಕದ ನಾಲ್ಕೈದು ಜನ ಬರುತ್ತಿದ್ದರಂತೆ. ಆ ಬೆಳಿಗ್ಗೆ ಯಾರೂ ಬರಲಿಲ್ಲ. ಅಕ್ಕಿ ಹಿಟ್ಟು ಕುದಿಸಿ, ಜೀರಿಗೆ, ಎಳ್ಳು, ಹಸಿಮೆಣಸಿನಕಾಯಿ ಹಾಕಿ ತಿರುವಿ ಇಟ್ಟಾಗಿತ್ತು. ಹಿಟ್ಟು ಆರಿದರೆ ಕೆಟ್ಟಿತು. ಆಕೆ ಓಣಿಯ ಕಡೆ ಎರಡು ಸಲ ಹೋಗಿ ನೋಡಿ ಬಂದರು. ಮೂರನೆಯ ಸಲ ನನ್ನ ಬಾಗಿಲಿಗೆ ಬಂದು ನಿಂತರು.

"ಸಂಡಿಗಿ ಹಾಕಾಕ ಬರ್ತೈತೇನು ನಿನಗ?"

"ಬರ್ತೈತ್ರಿ. ಅವ್ವನ ಜೊತಿ ಹಾಕೀನಿ."

"ಹಂಗಾದ್ರ ಬಾ ಮ್ಯಾಲೆ. ಬಿಸಿಲು ಏರಾಕತ್ತೈತಿ."

ಮಾಳಿಗೆಯ ಮೇಲೆ ಹಳೆಯ ಬಿಳಿ ಧೋತರ ಹಾಸಿ, ನಾಲ್ಕು ಮೂಲೆಗೂ ಕಲ್ಲಿಟ್ಟಿದ್ದರು. ಆಕೆ ಆ ತುದಿಯಿಂದ, ನಾನು ಈ ತುದಿಯಿಂದ. ಬಿಸಿ ಹಿಟ್ಟನ್ನು ಕೈಗೆ ನೀರು ಮುಟ್ಟಿಸಿಕೊಂಡು ಸಾಲುಸಾಲಾಗಿ ಇಡುತ್ತ ಬಂದೆವು. ಅಲ್ಲಿಂದ ಇಡೀ ಊರಿನ ಮಾಳಿಗೆಗಳು ಕಾಣುತ್ತಿದ್ದವು, ಅದರಾಚೆ ಕಪ್ಪು ಹೊಲ, ಹಗರಿಬೊಮ್ಮನಹಳ್ಳಿಗೆ ಹೋಗುವ ರಸ್ತೆಯ ಹುಣಸೆಮರಗಳು. ಆಕೆ ತಾನು ಮದುವೆಯಾಗಿ ಆ ಮನೆಗೆ ಬಂದ ವರ್ಷದ ಸುದ್ದಿ ಹೇಳಿದರು, ಮೊದಲ ಸಂಡಿಗೆಯಲ್ಲಿ ಉಪ್ಪು ಹೆಚ್ಚಾಗಿ ಅತ್ತೆ ಇಡೀ ವರ್ಷ ಆಡಿಕೊಂಡದ್ದನ್ನು ಹೇಳಿ ನಕ್ಕರು. ನಾನೂ ನಕ್ಕೆ. ಆ ಸಂಡಿಗೆ ವರ್ಷವಿಡೀ ಆ ಮನೆಯ ಡಬ್ಬಿಯಲ್ಲಿರುತ್ತದೆ, ಹಬ್ಬಕ್ಕೆ ಕರಿದು ಎಡೆಗೆ ಇಡುತ್ತಾರೆ ಎಂಬುದು ನನ್ನ ತಲೆಯಲ್ಲಿ ಸುತ್ತುತ್ತಲೇ ಇತ್ತು. ಆಕೆಯ ತಲೆಯಲ್ಲೂ ಸುತ್ತಿರಬೇಕು. ಇಬ್ಬರೂ ಅದರ ಮಾತೆತ್ತಲಿಲ್ಲ.

ಹಿಟ್ಟು ಮುಗಿದಾಗ ದೊಡ್ಡ ಹಿತ್ತಾಳೆಯ ಪಾತ್ರೆ ಉಳಿಯಿತು. ಇಬ್ಬರೂ ಒಂದೊಂದು ಕಡೆ ಹಿಡಿದು ಮೆಟ್ಟಿಲಿಳಿದೆವು. ಪಡಸಾಲೆ ದಾಟಿ, ಅಡಿಗೆಮನೆಯ ಹೊಸ್ತಿಲು ದಾಟಿ, ಬಚ್ಚಲ ಕಲ್ಲಿನ ಮೇಲೆ ಇಳಿಸಿದೆವು. ಇಳಿಸಿದ ಮೇಲೆ ನಾನು ಎಲ್ಲಿ ನಿಂತಿದ್ದೇನೆ ಎಂಬುದು ನನಗೆ ಗೊತ್ತಾಯಿತು. ಆಕೆಗೂ ಗೊತ್ತಾಯಿತು. ಒಲೆಯ ಪಕ್ಕದ ಮಣೆಯ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು. ಕೊಡದಿಂದ ಎರಡು ಲೋಟ ನೀರು ತುಂಬಿ, ಒಂದನ್ನು ನನ್ನ ಕಡೆ ಸರಿಸಿ, ಇನ್ನೊಂದನ್ನು ತಾವು ಕುಡಿದರು.

"ಆತಲ್ಲ" ಎಂದರು.

ಮರುದಿನ ಕಚೇರಿಗೆ ಬಂದು ನನ್ನ ಮೇಜಿನ ಮುಂದೆ ಸಹಿ ಹಾಕಿದರು. ಅಕ್ಷರ ದೊಡ್ಡದಾಗಿ, ಗುಂಡಗೆ, ಹಳೆಯ ಶಾಲೆಯವರ ಅಕ್ಷರ. ಷರತ್ತಿನ ಎರಡು ಪುಟಗಳನ್ನು ಕಟ್ಟು ಹಾಕಿಸಿ ಮೂರು ಕೋಣೆಗಳ ಮುಂದಿನ ಗೋಡೆಗೆ ತೂಗುಹಾಕಿದರು. ಹಾಗೆ ಮಾಡಿದವರೂ ಊರಿನಲ್ಲಿ ಅವರೊಬ್ಬರೇ.

ನಾನು ಅಲ್ಲಿಯೇ ಇರುತ್ತೇನೆ ಎಂದಾಗ ಒಂದು ತೊಡಕು ಬಂತು. "ನೀನೇ ಓದಿದ್ಯಲ್ಲ, ಹದಿನೈದು ದಿನಕ್ಕಿಂತ ಹೆಚ್ಚು ಒಬ್ರನ್ನ ಇಡಂಗಿಲ್ಲ ಅಂತ" ಎಂದರು. ಯಾರೂ ಕೇಳುವುದಿಲ್ಲ ಎಂದು ನಾನು ಹೇಳುವ ಹಾಗಿರಲಿಲ್ಲ. ಕೊನೆಗೆ ನಡುವಿನ ಕೋಣೆಯನ್ನು ಪರವಾನಗಿಯಿಂದ ಬಿಡಿಸಿ ತಿಂಗಳ ಬಾಡಿಗೆಗೆ ನನಗೆ ಕೊಟ್ಟರು. ನಾನೇ ಬಾಡಿಗೆಯವಳಾದ ಮನೆಯ ಕಡತವನ್ನು ನಾನೇ ತಿದ್ದುವುದು ಸರಿಯಲ್ಲವೆಂದು ಮುಖ್ಯಾಧಿಕಾರಿಗಳ ಮುಂದೆ ಇಟ್ಟೆ. ಅವರು ಮೂರು ಎಂದಿದ್ದಲ್ಲಿ ಎರಡು ಎಂದು ತಿದ್ದಿ, "ನೀವಿಬ್ರೂ ಸೇರಿ ನನಗ ಕೆಲಸ ಕೊಡ್ತೀರಿ" ಎಂದು ನಗುತ್ತ ಸಹಿ ಹಾಕಿದರು.

ಹಳೆಯ ಗಿರಾಕಿಗಳಲ್ಲಿ ಕೆಲವರು ಬರುವುದು ಬಿಟ್ಟರು. ಹರಪನಹಳ್ಳಿಯ ಕಡೆಯ ಆ ಗಂಡ ಹೆಂಡತಿ ಬಿಡಲಿಲ್ಲ. ಒಂದು ಅಮಾವಾಸ್ಯೆಗೆ ಹಡಗಲಿಯ ಕಡೆಯಿಂದ ಬಂದ ಒಂದು ಮನೆಯವರು ಕಟ್ಟೆಯ ಕೆಳಗೇ ನಿಂತು, "ಅಮ್ಮಾರೆ, ನಾವು..." ಎಂದು ಏನೋ ಹೇಳಲು ಹೊರಟರು. ರೂಮಿನಮ್ಮ ಅವರ ಮಾತು ಮುಗಿಯಗೊಡಲಿಲ್ಲ. "ಎಷ್ಟು ಮಂದಿ ಅದೀರಿ? ಚಾಪಿ ಎಷ್ಟು ಬೇಕು?" ಎಂದರು. ನಾನು ನಡುವಿನ ಕೋಣೆಯಲ್ಲಿ ಕೂತು ಕೇಳಿಸಿಕೊಂಡೆ.

ಅವ್ವ ಒಮ್ಮೆ ನನ್ನನ್ನು ನೋಡಲು ಬಂದಳು. ರೂಮಿನಮ್ಮ ಚಹಾ ಮಾಡಿ ತಂದಿಟ್ಟರು. ಅವ್ವ ಲೋಟ ಮುಟ್ಟಲಿಲ್ಲ. "ಈಗ ತಾನ ಕುಡದು ಬಂದೀನ್ರಿ" ಎಂದಳು. ಬಸ್ಸಿಳಿದು ಬಂದವಳಿಗೆ ತುಟಿ ಒಣಗಿತ್ತು. ರೂಮಿನಮ್ಮ ಒತ್ತಾಯ ಮಾಡಲಿಲ್ಲ. ಚಹಾ ಆರಿ ಕೆನೆ ಕಟ್ಟಿತು. ಹೊರಡುವಾಗ ಒಂದು ಪೊಟ್ಟಣ ಸಂಡಿಗೆ ಕೊಟ್ಟು, "ಅರ್ಧ ನಿಮ್ಮ ಮಗಳೇ ಹಾಕಿದ್ದು" ಎಂದರು. ಅದನ್ನು ಅವ್ವ ತೆಗೆದುಕೊಂಡಳು. ಮುಂದಿನ ಸಲ ಬಂದಾಗ ಚಹಾನೂ ಕುಡಿದಳು, ಸಕ್ಕರೆ ಕಡಿಮೆ ಎಂದಳು.

ಮೂರು ವರ್ಷ ಆ ಕೋಣೆಯಲ್ಲಿದ್ದೆ. ಬಡ್ತಿಯ ಮೇಲೆ ಹರಪನಹಳ್ಳಿಗೆ ವರ್ಗವಾಯಿತು. ಅಲ್ಲಿ ಮನೆ ಹುಡುಕುವಾಗ, ಮನೆಯವರು ಕೇಳುವ ಮೊದಲೇ ನಾನು ಯಾರೆಂದು ಹೇಳಿಬಿಡುತ್ತಿದ್ದೆ. ಐದನೆಯ ಮನೆ ಸಿಕ್ಕಿತು.

ಕೆಲವು ವರ್ಷ ಕಳೆದ ಮೇಲೆ ಕೂಡ್ಲಿಗಿಯಿಂದ ರೂಮಿನಮ್ಮನ ಮಗಳು ಕಚೇರಿಗೆ ಫೋನ್ ಮಾಡಿದಳು. ಅಮ್ಮನಿಗೆ ಕಣ್ಣು ಪೂರ್ತಿ ಮಂಜಾಗಿದೆ, ನಮ್ಮ ಮನೆಗೆ ಕರೆದುಕೊಂಡು ಹೋಗುತ್ತಿದ್ದೇವೆ, ಪರವಾನಗಿ ತಿರುಗಿ ಕೊಡಬೇಕಂತೆ, ನೀವು ಬರದೆ ಆಗುವುದಿಲ್ಲ ಎನ್ನುತ್ತಾಳೆ ಎಂದಳು. ಒಂದು ದಿನ ರಜೆ ಹಾಕಿ ಕೊಟ್ಟೂರಿಗೆ ಹೋದೆ. ನನ್ನ ಹಳೆಯ ಮೇಜಿನಲ್ಲಿ ಹೊಸ ಗುಮಾಸ್ತನಿದ್ದ. ಒಳ್ಳೆಯ ಹುಡುಗ. "ರಿನ್ಯೂವಲ್ ಮಾಡಸದಿದ್ರ ತಾನ ರದ್ದಾಗ್ತೈತಿ ಅಮ್ಮಾರೆ, ಯಾರೂ ತಿರುಗಿ ಕೊಡಂಗಿಲ್ಲ. ಅದಕ್ಕ ಫಾರಮ್ಮೂ ಇಲ್ಲ" ಎಂದ.

"ಫಾರಂ ಇಲ್ಲಂದ್ರ ಬಿಳಿ ಹಾಳಿ ಐತಲ್ಲ" ಎಂದರು ರೂಮಿನಮ್ಮ.

ಬಿಳಿ ಹಾಳೆಯಲ್ಲಿ ನಾನೇ ಬರೆದುಕೊಟ್ಟೆ. ಕೋಣೆಗಳನ್ನು ಇನ್ನು ಮುಂದೆ ಬಾಡಿಗೆಗೆ ಕೊಡುವುದಿಲ್ಲ, ಇಂದಿನ ತನಕದ ಕಂದಾಯ ಸಂದಾಯವಾಗಿದೆ ಎಂದು. ಬೆರಳು ಹಿಡಿದು ಸಹಿಯ ಜಾಗ ತೋರಿಸಿದೆ. ಹುಡುಗ ಸ್ವೀಕರಿಸಿದ್ದಕ್ಕೆ ಹಿಂಬರಹ ಕೊಟ್ಟ. ಅದನ್ನು ಮಡಚಿ ಸೊಂಟದ ಚೀಲದಲ್ಲಿ ಇಟ್ಟುಕೊಂಡರು.

ಬಸ್ ನಿಲ್ದಾಣದ ಎದುರು ಕೂತು ಮಂಡಕ್ಕಿ ವಗ್ಗಾಣಿ, ಮಿರ್ಚಿ ತಿಂದೆವು. ಹಲ್ಲಿಲ್ಲದ ಬಾಯಲ್ಲಿ ಮಿರ್ಚಿ ಮುರಿಯಲಾಗದೆ ನಗುತ್ತಿದ್ದರು. ಮಗಳು ಚೀಲಗಳನ್ನು ಹೊತ್ತು ತಂದಳು. ಕೂಡ್ಲಿಗಿ ಬಸ್ಸು ಮೊದಲು ಬಂತು. ನುಗ್ಗಿ ಹೋಗಿ ಕಿಟಕಿಯ ಪಕ್ಕದ ಸೀಟು ಹಿಡಿದುಕೊಟ್ಟೆ. ಕೆಳಗಿಳಿದು ನಿಂತವಳ ಕೈಯನ್ನು ಕಿಟಕಿಯಿಂದಲೇ ಹುಡುಕಿ ಹಿಡಿದುಕೊಂಡರು.

"ರಜಾ ಸಿಕ್ಕಾಗ ಬಾ ತಂಗಿ. ಅಲ್ಲಿ ರೂಮು ಗೀಮು ಇಲ್ಲ. ಒಳಗ ನಮ್ಮ ಜೊತಿನ ಮಲಗಬೇಕು ನೋಡು."

ಎರಡು ಸಲ ಹೋಗಿದ್ದೆ. ಒಂದು ಸಲ ಮಳೆಗಾಲ, ಮಗಳ ಮನೆಯ ಪಡಸಾಲೆಯಲ್ಲಿ ಆಕೆಯ ಪಕ್ಕದಲ್ಲೇ ಹಾಸಿದ್ದರು. ಮಾತಾಡುತ್ತ ಮಾತಾಡುತ್ತ ಆಕೆ ನಡುವೆಯೇ ನಿದ್ದೆ ಹೋದರು, ಅತ್ತೆಯ ಸುದ್ದಿಯೊಂದು ಅರ್ಧಕ್ಕೇ ನಿಂತಿತು.